ಕೊಡಗಿನ ಕಾರನ್ನು ಭೂತಾನಿನ ಚಳಿಗಾಲಕ್ಕೆ ಸಿದ್ಧಪಡಿಸುವ ಕ್ರಮ

ಸುಗ್ಗಿಹಬ್ಬ ಪುತ್ತರಿ ಮುಗಿದು, ಅರೇಬಿಕಾ ಕಾಫಿಯ ಕೊಯ್ಲು ಒಂದು ಹದಕ್ಕೆ ಬಂದು, ರೊಬಸ್ಟಾ ಹಣ್ಣಾಗಲು ಇನ್ನೂ ಸಮಯವಿರುವ ನಡುವಿನ ವಾರಗಳಲ್ಲಿ ಕೊಡಗಿನ ಬೆಳೆಗಾರ ಕುಟುಂಬಗಳಿಗೆ ದೂರಪ್ರಯಾಣಕ್ಕೆ ಸ್ವಲ್ಪ ಬಿಡುವು ಸಿಗುತ್ತದೆ. ತಮ್ಮದೇ ಕಾರಿನಲ್ಲಿ ದೇಶದ ಗಡಿ ದಾಟಬೇಕೆನ್ನುವವರಿಗೆ ನೇಪಾಳ ಮತ್ತು ಭೂತಾನ್ ಎರಡೂ ಅನುಕೂಲವಾದ ದೇಶಗಳು. ಕಾರನ್ನು ಹಡಗಿಗೆ ಹಾಕುವ ಪ್ರಮೇಯ ಅಲ್ಲಿಲ್ಲ, ರಸ್ತೆಯ ಎಡಬದಿಯಲ್ಲಿ ಓಡಿಸುವ ನಿಯಮವೂ ನಮ್ಮಂತೆಯೇ ಇದೆ. ಇಲ್ಲಿ ಭೂತಾನಿನ ಪ್ರಯಾಣವನ್ನು ಮುಂದಿಟ್ಟುಕೊಂಡು ಬರೆದಿದ್ದೇನೆ. ಕಾರಿನ ಸಿದ್ಧತೆಗೆ ಸಂಬಂಧಿಸಿದ ಮಾತುಗಳು ನೇಪಾಳದ ಬೆಟ್ಟಗಳಿಗೂ, ನಮ್ಮ ಲಡಾಖ್, ಸಿಕ್ಕಿಂಗಳಿಗೂ ಬಹುಮಟ್ಟಿಗೆ ಅನ್ವಯಿಸುತ್ತವೆ.

ಮಡಿಕೇರಿಯ ಜನವರಿ ರಾತ್ರಿ ಎಷ್ಟೇ ಚಳಿಯೆನಿಸಿದರೂ ಅಲ್ಲಿ ಬಕೆಟ್ಟಿನ ನೀರು ಹೆಪ್ಪುಗಟ್ಟುವುದಿಲ್ಲ. ಭೂತಾನಿನ ಪಾರೋ ಕಣಿವೆಯಲ್ಲಿ ಅದೇ ತಿಂಗಳ ರಾತ್ರಿಗಳಲ್ಲಿ ತಾಪಮಾನ ಸೊನ್ನೆಗಿಂತ ಕೆಳಗಿಳಿಯುತ್ತದೆ. ಥಿಂಪುವಿನಿಂದ ಪುನಾಖಾಕ್ಕೆ ಹೋಗುವ ದಾರಿಯಲ್ಲಿರುವ ದೋಚುಲಾ ಸುಮಾರು 3,100 ಮೀಟರ್ ಎತ್ತರದಲ್ಲಿದೆ, ಪಾರೋ ಮತ್ತು ಹಾ ಕಣಿವೆಗಳ ನಡುವಿನ ಚೆಲೇಲಾ 3,988 ಮೀಟರ್ ಎತ್ತರದಲ್ಲಿದೆ. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಈ ಕಣಿವೆದಾರಿಗಳಲ್ಲಿ ಹಿಮ ಬೀಳುವುದುಂಟು. ನಮ್ಮ ಕಾರುಗಳು ಮಳೆಗೆ ಪಳಗಿದವು. ಕೆಸರು, ಮಂಜು, ಜಾರು ದಾರಿ ಯಾವುದೂ ಅವಕ್ಕೂ ಹೊಸದಲ್ಲ, ಓಡಿಸುವವರಿಗೂ ಹೊಸದಲ್ಲ. ಆದರೆ ಕೊರೆಯುವ ಚಳಿ ಕಾರಿನ ಒಳಗಿರುವ ದ್ರವಗಳನ್ನು ಹಿಡಿಯುತ್ತದೆ. ರೇಡಿಯೇಟರಿನ ನೀರು, ಬ್ಯಾಟರಿಯ ಆಮ್ಲ, ಎಂಜಿನ್ ಆಯಿಲ್, ಡೀಸೆಲ್, ಗಾಜು ತೊಳೆಯುವ ನೀರು, ಹ್ಯಾಂಡ್‌ಬ್ರೇಕ್ ಕೇಬಲ್ಲಿನೊಳಗೆ ಮಳೆಗಾಲದಲ್ಲಿ ಸೇರಿಕೊಂಡ ತೇವ, ಹೀಗೆ ಒಂದೊಂದನ್ನೂ ಬೇರೆಬೇರೆಯಾಗಿ ವಿಚಾರಿಸಿಕೊಂಡರೆ ಸಿದ್ಧತೆಯ ಮುಕ್ಕಾಲು ಪಾಲು ಮುಗಿದಂತೆ.

ಮೊದಲು ಮಳೆಗಾಲದ ಲೆಕ್ಕ ಚುಕ್ತಾ ಮಾಡಿಕೊಳ್ಳಿ

ಹೊರಡುವುದಕ್ಕೆ ಒಂದು ತಿಂಗಳು ಮುಂಚೆಯೇ ಕಾರನ್ನು ಲಿಫ್ಟ್ ಇರುವ ಗ್ಯಾರೇಜಿಗೆ ಕೊಟ್ಟು ಅಡಿಭಾಗವನ್ನು ಒತ್ತಡದ ನೀರಿನಿಂದ ತೊಳೆಸಬೇಕು. ತೋಟದ ಕೆಂಪುಮಣ್ಣು ಚಾಸಿಯ ಸಂದಿಗಳಲ್ಲಿ ಗಟ್ಟಿಯಾಗಿ ಕೂತು ತೇವವನ್ನು ತಿಂಗಳುಗಟ್ಟಲೆ ಹಿಡಿದಿಡುತ್ತದೆ, ಅದರ ಕೆಳಗೆ ತುಕ್ಕು ಬೆಳೆಯುತ್ತದೆ. ತೊಳೆದು ಒಣಗಿದ ಮೇಲೆ ಸಸ್ಪೆನ್ಷನ್ನಿನ ಬುಷ್, ಬಾಲ್‌ಜಾಯಿಂಟ್, ಸೈಲೆನ್ಸರಿನ ಜೋಡಣೆ, ಬ್ರೇಕ್ ಪೈಪುಗಳ ಸ್ಥಿತಿಯನ್ನು ಮೆಕ್ಯಾನಿಕ್ ಜೊತೆ ನೀವೂ ಕೆಳಗೆ ನಿಂತು ನೋಡಿ. ತೋಟದ ಶೆಡ್ಡಿನಲ್ಲಿ ನಿಲ್ಲುವ ಕಾರಾದರೆ ಬಾನೆಟ್ಟಿನೊಳಗೆ ಇಲಿ ಕಡಿದ ವೈರುಗಳಿವೆಯೇ ಎಂಬುದನ್ನು ಟಾರ್ಚ್ ಹಾಕಿ ಹುಡುಕಬೇಕು. ಅರ್ಧ ಕಡಿದ ವೈರು ಇಲ್ಲಿ ಕೆಲಸ ಮಾಡುತ್ತಲೇ ಇದ್ದು, ಎರಡೂವರೆ ಸಾವಿರ ಕಿಲೋಮೀಟರಿನ ಅದುರುವಿಕೆಯ ನಂತರ ಬೆಟ್ಟದ ಮೇಲೆ ಕೈಕೊಡಬಹುದು.

ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುವ ಗುಣದ್ದು. ಕೊಡಗಿನ ಆರ್ದ್ರತೆಯಲ್ಲಿ ಅದರ ಆಯುಷ್ಯ ಇನ್ನಷ್ಟು ಕಡಿಮೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿಯವರೆಗೆ ಕುದಿಯುವುದಿಲ್ಲ, ನೀರು ಸೇರಿದ ಮೇಲೆ ಈ ಮಿತಿ 155 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಉದ್ದನೆಯ ಇಳಿಜಾರಿನಲ್ಲಿ ಬ್ರೇಕ್ ಕಾದಾಗ ಅದು ಕುದಿದು ಆವಿಯಾದರೆ ಪೆಡಲ್ ಒತ್ತಿದಷ್ಟೂ ಒಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಬದಲಾಯಿಸಿ ಎರಡು ವರ್ಷ ಕಳೆದಿದ್ದರೆ ಹೊಸದು ಹಾಕಿಸಿಯೇ ಹೊರಡಬೇಕು. ಹ್ಯಾಂಡ್‌ಬ್ರೇಕ್ ಕೇಬಲ್ ಬಿಗಿಯಾಗಿ, ಒರಟಾಗಿ ಎಳೆಯುತ್ತಿದ್ದರೆ ಅದರೊಳಗೆ ಕೆಸರುನೀರು ಸೇರಿದೆಯೆಂದೇ ತಿಳಿದು ಬದಲಾಯಿಸಿ.

ರೇಡಿಯೇಟರಿನಲ್ಲಿ ಇರುವುದು ಕೂಲಂಟೋ ಬಾವಿ ನೀರೋ

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡಬಲ್ಲ ಸಂಗತಿ ಇದೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಎಂಜಿನ್ನನ್ನು ತಂಪಾಗಿಡಲು ರೇಡಿಯೇಟರಿಗೆ ತುಂಬುವ, ಸುಲಭಕ್ಕೆ ಹೆಪ್ಪುಗಟ್ಟದ ಬಣ್ಣದ ದ್ರವವೇ ಕೂಲಂಟ್. ನಮ್ಮ ಕಡೆ ರೇಡಿಯೇಟರಿನ ಮಟ್ಟ ಇಳಿದಾಗ ಕೈಗೆ ಸಿಕ್ಕಿದ ನೀರನ್ನು ಸುರಿಯುವುದು ರೂಢಿ. ಒಮ್ಮೆ ಗ್ಯಾರೇಜಿನಲ್ಲಿ, ಒಮ್ಮೆ ಘಾಟಿಯ ಝರಿಯಲ್ಲಿ, ಒಮ್ಮೆ ಮನೆಯ ನಲ್ಲಿಯಲ್ಲಿ ಹೀಗೆ ಸೇರಿಸುತ್ತಾ ಹೋದರೆ ಕೆಲವು ವರ್ಷಗಳಲ್ಲಿ ಒಳಗೆ ಕೂಲಂಟಿನ ಬಣ್ಣ ಮಾತ್ರ ಉಳಿದಿರುತ್ತದೆ. ಕೊಡಗಿನ ಹವೆಯಲ್ಲಿ ಇದರಿಂದ ತಕ್ಷಣ ಏನೂ ಆಗದ ಕಾರಣ ಯಾರೂ ಗಮನಿಸುವುದಿಲ್ಲ. ಆದರೆ ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುವಾಗ ಅದರ ಗಾತ್ರ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ, ಮತ್ತು ಆ ಹಿಗ್ಗುವಿಕೆಗೆ ರೇಡಿಯೇಟರಿನ ಕೊಳವೆಗಳು ಮಾತ್ರವಲ್ಲ, ಎಂಜಿನ್ ಬ್ಲಾಕ್ ಕೂಡ ಬಿರುಕು ಬಿಡಬಹುದು. ಬ್ಲಾಕ್ ಸೀಳಿದರೆ ಪರದೇಶದಲ್ಲಿ ಅದಕ್ಕೆ ಪರಿಹಾರವಿಲ್ಲ, ಕಾರನ್ನು ಲಾರಿಯ ಮೇಲೆ ಹೇರಿಕೊಂಡು ಮರಳಬೇಕಾಗುತ್ತದೆ.

ಬಣ್ಣ ನೋಡಿ ನಂಬಬೇಡಿ. ಎಂಜಿನ್ ಪೂರ್ತಿ ತಣ್ಣಗಿರುವಾಗ ಮುಚ್ಚಳ ತೆಗೆದು, ರಿಫ್ರಾಕ್ಟೋಮೀಟರ್ ಎಂಬ ಸಣ್ಣ ಉಪಕರಣದ ಗಾಜಿನ ಮೇಲೆ ಒಂದು ಹನಿ ಕೂಲಂಟ್ ಬಿಟ್ಟು ಬೆಳಕಿನ ಕಡೆ ಹಿಡಿದರೆ, ಆ ದ್ರವ ಎಷ್ಟು ಡಿಗ್ರಿಗೆ ಹೆಪ್ಪುಗಟ್ಟುತ್ತದೆ ಎಂಬುದು ಅಳತೆಪಟ್ಟಿಯ ಗೆರೆಯಲ್ಲಿ ಕಾಣಿಸುತ್ತದೆ. ದೊಡ್ಡ ಸರ್ವಿಸ್ ಸೆಂಟರುಗಳಲ್ಲಿ ಕೇಳಿದರೆ ತೋರಿಸುತ್ತಾರೆ. ಎಥಿಲೀನ್ ಗ್ಲೈಕಾಲ್ ಆಧಾರಿತ ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಸಮಪಾಲಾಗಿ ಸೇರಿದಾಗ ಮೈನಸ್ 37 ಡಿಗ್ರಿಯವರೆಗೆ ರಕ್ಷಣೆ ಸಿಗುತ್ತದೆ, ಭೂತಾನಿನ ಯಾವ ರಸ್ತೆಗೂ ಅದು ಧಾರಾಳವಾಯಿತು. ಹೆಚ್ಚು ಹಾಕಿದರೆ ಹೆಚ್ಚು ಒಳ್ಳೆಯದು ಎಂಬುದು ಇಲ್ಲಿ ಸಲ್ಲದು. ನೀರು ಬೆರೆಸದ ಶುದ್ಧ ಗ್ಲೈಕಾಲ್ ಮೈನಸ್ 13 ಡಿಗ್ರಿಯ ಸುಮಾರಿಗೇ ಹೆಪ್ಪುಗಟ್ಟುತ್ತದೆ, ಶಾಖವನ್ನು ಒಯ್ಯುವುದರಲ್ಲೂ ಮಿಶ್ರಣಕ್ಕಿಂತ ಹಿಂದೆ. ಒಳಗಿರುವುದರ ಬಗ್ಗೆ ಸಂದೇಹವಿದ್ದರೆ ಅದರ ಮೇಲೆಯೇ ಹೊಸದನ್ನು ಸುರಿಯದೆ ಪೂರ್ತಿ ಬಸಿದು, ಡಿಸ್ಟಿಲ್ಡ್ ವಾಟರಿನಲ್ಲಿ ತೊಳೆಸಿ, ನಿಮ್ಮ ಕಾರಿನ ಕೈಪಿಡಿ ಹೇಳುವ ಬಗೆಯ ಕೂಲಂಟನ್ನೇ ತುಂಬಿಸಿ. ಬೇರೆಬೇರೆ ರಾಸಾಯನಿಕದ ಕೂಲಂಟುಗಳನ್ನು ಬೆರೆಸಿದರೆ ಕೆಲವೊಮ್ಮೆ ಒಳಗೆ ಅಂಟು ಗಸಿ ಕಟ್ಟುತ್ತದೆ. ತುಂಬಿದ ಮೇಲೆ ಹೀಟರನ್ನು ಪೂರ್ತಿ ಬಿಸಿಯ ಕಡೆ ತಿರುಗಿಸಿ ಎಂಜಿನ್ ಓಡಿಸಿ ಗಾಳಿ ಹೊರಹಾಕಿಸಬೇಕು.

ಇದೇ ಸಂದರ್ಭದಲ್ಲಿ ಕೇಳಲೇಬೇಕಾದ ಇನ್ನೊಂದು ಪ್ರಶ್ನೆಯಿದೆ. ಎಂಜಿನ್ ಅತಿಯಾಗಿ ಕಾಯುವ ತೊಂದರೆಗೆ ಸುಲಭದ ಉಪಾಯವೆಂದು, ಎಂಜಿನ್ ಬಿಸಿಯಾಗುವವರೆಗೆ ಕೂಲಂಟನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಥರ್ಮೋಸ್ಟಾಟ್ ವಾಲ್ವನ್ನೇ ಕಿತ್ತುಹಾಕುವ ಅಭ್ಯಾಸ ಹಳೆಯ ಜೀಪು, ವ್ಯಾನುಗಳ ಕಾಲದಿಂದ ನಮ್ಮಲ್ಲಿ ಉಳಿದುಬಂದಿದೆ. ವಾಲ್ವ್ ಇಲ್ಲದ ಎಂಜಿನ್ ಚಳಿದೇಶದಲ್ಲಿ ಎಷ್ಟು ದೂರ ಓಡಿದರೂ ಸರಿಯಾದ ಬಿಸಿಗೆ ಬರುವುದಿಲ್ಲ, ಇಂಧನ ಹೆಚ್ಚು ಕುಡಿಯುತ್ತದೆ, ಹೀಟರಿನಿಂದ ತಣ್ಣನೆಯ ಗಾಳಿಯೇ ಬರುತ್ತದೆ. ಸೆಕೆಂಡ್‌ಹ್ಯಾಂಡ್ ಕಾರು ಇಟ್ಟುಕೊಂಡವರು ಇದನ್ನು ಬಿಚ್ಚಿಸಿ ನೋಡುವುದು ಒಳ್ಳೆಯದು. ಬಿಚ್ಚದೆಯೂ ಒಂದು ಅಂದಾಜು ಸಿಗುತ್ತದೆ: ಬೆಳಗಿನ ಜಾವ ಅರ್ಧ ಗಂಟೆ ಓಡಿಸಿದ ಮೇಲೂ ಟೆಂಪರೇಚರ್ ಮುಳ್ಳು ತನ್ನ ಎಂದಿನ ಜಾಗಕ್ಕೆ ಏರದಿದ್ದರೆ ವಾಲ್ವ್ ಇಲ್ಲ, ಇಲ್ಲವೇ ತೆರೆದ ಸ್ಥಿತಿಯಲ್ಲಿ ಸಿಕ್ಕಿಕೊಂಡಿದೆ.

ಬ್ಯಾಟರಿ, ಆಯಿಲ್, ಡೀಸೆಲ್

ಲೆಡ್ ಆಸಿಡ್ ಬ್ಯಾಟರಿಯ ಶಕ್ತಿ ಚಳಿಯೊಂದಿಗೆ ಕುಗ್ಗುತ್ತದೆ, ಮೈನಸ್ 18 ಡಿಗ್ರಿಗೆ ಅದು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಅದೇ ಹೊತ್ತಿಗೆ ಆಯಿಲ್ ಮಂದವಾಗಿ ಎಂಜಿನ್ನನ್ನು ತಿರುಗಿಸಲು ಹೆಚ್ಚು ಬಲ ಬೇಕಾಗುತ್ತದೆ. ಗೋಣಿಕೊಪ್ಪದಲ್ಲಿ ಒಂದೇ ಸೆಲ್ಫ್ ಸ್ಟಾರ್ಟಿಗೆ ಹೊತ್ತಿಕೊಳ್ಳುವ ಹಳೆಯ ಬ್ಯಾಟರಿ ಪಾರೋದ ಬೆಳಗಿನಲ್ಲಿ ಕೈಕೊಡುವುದು ಈ ಎರಡು ಕಾರಣಗಳು ಕೂಡಿದಾಗ. ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಸಂಜೆ ಕಾರು ನಿಲ್ಲಿಸಿ, ಮರುದಿನ ಬೆಳಿಗ್ಗೆ ಯಾವ ಸ್ವಿಚ್ಚನ್ನೂ ಹಾಕದೆ, ಮಲ್ಟಿಮೀಟರಿನ ಎರಡು ತುದಿಗಳನ್ನು ಬ್ಯಾಟರಿಯ ಎರಡು ಟರ್ಮಿನಲ್‌ಗಳಿಗೆ ಮುಟ್ಟಿಸಿ. 12.6 ವೋಲ್ಟ್ ತೋರಿಸಿದರೆ ಪೂರ್ತಿ ಚಾರ್ಜ್ ಇದೆ, 12.2 ತೋರಿಸಿದರೆ ಅರ್ಧ ಮಾತ್ರ ಇದೆ. ಮುಟ್ಟಿಸಿ ಹಿಡಿದಿರುವಂತೆಯೇ ಮನೆಯವರೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ. ಆ ಕ್ಷಣದಲ್ಲಿ ಅಂಕಿ 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿ ಸೋತಿದೆ. ಎಂಜಿನ್ ಹೊತ್ತಿಕೊಂಡ ಮೇಲೆ ಸುಮಾರು 13.8ರಿಂದ 14.5ರ ನಡುವೆ ಬಂದರೆ ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ಸರಿಯಾಗಿದೆ ಎಂದರ್ಥ. ಕೆಲವು ಹೊಸ ಕಾರುಗಳಲ್ಲಿ ಕಂಪ್ಯೂಟರ್ ಈ ವೋಲ್ಟೇಜನ್ನು ಬೇಕೆಂದೇ ಏರಿಳಿಸುವುದರಿಂದ ಅಂಥವನ್ನು ಸರ್ವಿಸ್ ಸೆಂಟರಿನಲ್ಲೇ ತೋರಿಸಿ. ಟರ್ಮಿನಲ್‌ಗಳ ಮೇಲೆ ಹಸಿರುಬಿಳಿ ಪುಡಿ ಕಟ್ಟಿದ್ದರೆ, ಕ್ಲ್ಯಾಂಪುಗಳನ್ನು ಬಿಚ್ಚಿ, ಅಡುಗೆ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ಹಳೆಯ ಬ್ರಷ್ಷಿನಿಂದ ಉಜ್ಜಿ ಒಣಗಿಸಿ, ವ್ಯಾಸಲೀನ್ ಹಚ್ಚಿ. ನಾಲ್ಕು ವರ್ಷ ದಾಟಿದ ಬ್ಯಾಟರಿಯನ್ನು ನಂಬಿಕೊಂಡು ಹಿಮದ ನಾಡಿಗೆ ಹೋಗಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಅದು ಇಲ್ಲಿ ಇನ್ನೊಂದು ವರ್ಷ ಬಂದೀತು, ಆದರೆ ಅಲ್ಲಿನ ಒಂದು ಬೆಳಗಿನ ಪೇಚಾಟಕ್ಕೆ ಹೊಸ ಬ್ಯಾಟರಿಯ ಬೆಲೆ ಹೆಚ್ಚಲ್ಲ. ಖಾಲಿಯಾದ ಬ್ಯಾಟರಿಯ ದ್ರವ ಹೆಪ್ಪುಗಟ್ಟಲೂಬಹುದು, ಹಾಗಾದ ಬ್ಯಾಟರಿಗೆ ಬೇರೆ ಗಾಡಿಯಿಂದ ಕರೆಂಟು ಪಡೆಯುವ ಜಂಪರ್ ಕೇಬಲ್ ಹಚ್ಚುವುದು ಅಪಾಯಕಾರಿ.

ಎಂಜಿನ್ ಆಯಿಲ್ ಡಬ್ಬದ ಮೇಲಿರುವ ಡಬ್ಲ್ಯೂ ಅಕ್ಷರಕ್ಕೆ ಮೊದಲು ಬರುವ ಸಂಖ್ಯೆ ಚಿಕ್ಕದಾದಷ್ಟೂ ಆ ಆಯಿಲ್ ಚಳಿಯಲ್ಲಿ ಸುಲಭವಾಗಿ ಹರಿಯುತ್ತದೆ. ಹಳೆಯ ಡೀಸೆಲ್ ಗಾಡಿಗಳಿಗೆ ಹಾಕುವ 15ಡಬ್ಲ್ಯೂ-40 ಕೂಡ ಪಾರೋದ ಚಳಿಗೆ ತಡೆದುಕೊಳ್ಳುತ್ತದೆ. ಕೈಪಿಡಿಯಲ್ಲಿ 5ಡಬ್ಲ್ಯೂ-30ಕ್ಕೆ ಅನುಮತಿ ಇದ್ದರೆ ಅದನ್ನೇ ಹಾಕಿಸಿ. ಅನುಮತಿಯಿಲ್ಲದ್ದನ್ನು ಹಾಕಿಸಬೇಡಿ.

ಡೀಸೆಲ್ಲಿನಲ್ಲಿ ಕರಗಿರುವ ಮೇಣದ ಅಂಶ ಚಳಿಗೆ ಹರಳುಗಟ್ಟಿ ಫಿಲ್ಟರನ್ನು ಮುಚ್ಚುತ್ತದೆ. 2019ರಲ್ಲಿ ಇಂಡಿಯನ್ ಆಯಿಲ್ ಸಂಸ್ಥೆ ಲಡಾಖಿಗಾಗಿ ಮೈನಸ್ 33 ಡಿಗ್ರಿಯವರೆಗೂ ಹರಿಯುವ ವಿಶೇಷ ಡೀಸೆಲ್ ತಂದದ್ದು ಈ ಕಾರಣಕ್ಕೇ. ಕೊಡಗಿನಲ್ಲಿ ತುಂಬಿಸಿದ ಡೀಸೆಲ್ ಆಂಧ್ರ ದಾಟುವ ಮೊದಲೇ ಮುಗಿದಿರುತ್ತದೆ, ಆದ್ದರಿಂದ ಅದರ ಚಿಂತೆ ಬೇಡ. ಬೆಟ್ಟ ಹತ್ತಿದ ಮೇಲೆ ಅಲ್ಲಿನ ಬಂಕುಗಳಲ್ಲೇ ತುಂಬಿಸಿಕೊಂಡು, ರಾತ್ರಿ ನಿಲ್ಲಿಸುವಾಗ ಟ್ಯಾಂಕ್ ಅರ್ಧಕ್ಕಿಂತ ಹೆಚ್ಚು ತುಂಬಿರುವಂತೆ ನೋಡಿಕೊಂಡರೆ ಒಳಗಿನ ಖಾಲಿ ಜಾಗದಲ್ಲಿ ತೇವ ಕಟ್ಟುವುದು ಕಡಿಮೆಯಾಗುತ್ತದೆ. ಹೊರಡುವ ಮುನ್ನ ಡೀಸೆಲ್ ಫಿಲ್ಟರ್ ಬದಲಾಯಿಸಿ, ನೀರು ಬೇರ್ಪಡಿಸುವ ಬಟ್ಟಲಿನಲ್ಲಿ ಕೂತಿರುವ ನೀರನ್ನು ಬಸಿಯಿರಿ. ಚಳಿಗೆ ಸೀಮೆಎಣ್ಣೆ ಬೆರೆಸುವ ಹಳೆಯ ಪದ್ಧತಿಯನ್ನು ಹೊಸ ಮಾಲಿನ್ಯ ಮಾನದಂಡದ ಬಿಎಸ್ 6 ಎಂಜಿನ್‌ಗಳಲ್ಲಿ ಅನುಸರಿಸಲೇಬಾರದು. ಅದರಿಂದ ಇಂಜೆಕ್ಟರ್ ಪಂಪಿಗೆ ಪೆಟ್ಟು ಬೀಳುತ್ತದೆ.

ಟೈರು ಮತ್ತು ಚೈನು

ಕಾನೂನಿನ ಪ್ರಕಾರ 1.6 ಮಿಲಿಮೀಟರ್ ಗುಂಡಿ (ಮೇಲ್ಮೈ ಗೀರುಗಳ ಆಳ) ಉಳಿದಿರುವ ಟೈರು ರಸ್ತೆಗೆ ಯೋಗ್ಯ, ಹಿಮಕ್ಕೆ 4 ಮಿಲಿಮೀಟರ್ ಆದರೂ ಬೇಕು. ನಮ್ಮ ಪೇಟೆಯಲ್ಲಿ ಸಿಗುವ ಟೈರುಗಳ ರಬ್ಬರು ಬಿಸಿಲಿಗೆ ಮಾಡಿದ್ದಾಗಿರುವುದರಿಂದ ಸುಮಾರು 7 ಡಿಗ್ರಿಯ ಕೆಳಗೆ ಗಡಸಾಗುತ್ತಾ ಹೋಗಿ ಹಿಡಿತ ಕಳೆದುಕೊಳ್ಳುತ್ತದೆ. ಯುರೋಪಿನಲ್ಲಿ ಬಳಸುವಂಥ ಚಳಿಗಾಲದ ಟೈರು ನಮ್ಮ ಅಂಗಡಿಗಳಲ್ಲಿ ಸುಲಭವಾಗಿ ದೊರೆಯುವುದಿಲ್ಲ. ಹಾಗಾಗಿ ಒಳ್ಳೆಯ ಗುಂಡಿಯಿರುವ ಟೈರು, ಜೊತೆಗೆ ನಿಮ್ಮ ಟೈರಿನ ಅಳತೆಗೇ ಸರಿಹೊಂದುವ, ಹಿಡಿತಕ್ಕಾಗಿ ಚಕ್ರಕ್ಕೆ ತೊಡಿಸುವ ಒಂದು ಜೊತೆ ಹಿಮದ ಚೈನು ಇಟ್ಟುಕೊಳ್ಳುವುದು ಉಚಿತ.

ಕಾಫಿ ಕಣಕ್ಕೆ ಬೀಳುವ ಮೊದಲೇ ಚೈನನ್ನು ಅದೇ ಕಣದಲ್ಲಿ ಹರಡಿ, ತೊಡಿಸುವುದನ್ನು ಮನೆಯ ಇಬ್ಬರಾದರೂ ಕಲಿತುಕೊಳ್ಳಬೇಕು. ಎಂಜಿನ್ನಿನ ಬಲ ಯಾವ ಚಕ್ರಗಳಿಗೆ ಹೋಗುತ್ತದೆಯೋ ಅವಕ್ಕೇ ಚೈನು. ನಮ್ಮ ಹೆಚ್ಚಿನ ಸಣ್ಣ ಕಾರುಗಳಲ್ಲಿ ಅದು ಮುಂದಿನ ಎರಡು, ಬೊಲೆರೊದಂಥ ಗಾಡಿಯಲ್ಲಿ ಹಿಂದಿನ ಎರಡು. ಚೈನನ್ನು ಸಿಕ್ಕು ಬಿಡಿಸಿ, ಕೊಂಡಿಗಳ ಒರಟು ಬದಿ ಟೈರಿಗೆ ತಾಗದಂತೆ ಮೇಲಿನಿಂದ ಹೊದಿಸಿ, ಚಕ್ರದ ಒಳಬದಿಯ ಕೊಕ್ಕೆಯನ್ನು ಮೊದಲು ಸೇರಿಸಬೇಕು. ಆಮೇಲೆ ಹೊರಬದಿಯದು. ಒಂದು ಸುತ್ತು ಮುಂದೆ ಚಲಿಸಿ ಇಳಿದು ಮತ್ತೆ ಬಿಗಿಗೊಳಿಸಬೇಕು, ಮೊದಲ ಸಲ ಬಿಗಿ ಅನಿಸಿದ್ದು ಯಾವಾಗಲೂ ಸಡಿಲವೇ ಆಗಿರುತ್ತದೆ. ಬೆರಳು ಮರಗಟ್ಟುವ ಚಳಿಯಲ್ಲಿ ಒಳಬದಿಯ ಕೊಕ್ಕೆಯನ್ನು ಕಣ್ಣಿಗೆ ಕಾಣದೆ ಕೈಯಿಂದಲೇ ಹುಡುಕಬೇಕಾಗುವುದರಿಂದ, ಕಣದಲ್ಲಿ ಅಭ್ಯಾಸ ಮಾಡುವಾಗಲೂ ದಪ್ಪ ರಬ್ಬರ್ ಕೈಗವಸು ಹಾಕಿಕೊಂಡೇ ಮಾಡಿ. ಚೈನು ತೊಡಿಸಿದ ಗಾಡಿಯನ್ನು ಗಂಟೆಗೆ 40 ಕಿಲೋಮೀಟರಿಗಿಂತ ವೇಗವಾಗಿ ಓಡಿಸಬೇಡಿ, ಹಿಮ ಮುಗಿದು ಡಾಂಬರು ಕಂಡೊಡನೆ ಬಿಚ್ಚಿ.

ಗಾಳಿಯ ಒತ್ತಡದ ಲೆಕ್ಕ ಸ್ವಲ್ಪ ಗೊಂದಲದ್ದು. ತಾಪಮಾನ ಐದಾರು ಡಿಗ್ರಿ ಇಳಿದರೆ ಟೈರಿನ ಒತ್ತಡ ಸುಮಾರು ಒಂದು ಪಿಎಸ್‌ಐ ಇಳಿಯುತ್ತದೆ. ಎತ್ತರ ಏರಿದಂತೆ ಹೊರಗಿನ ಗಾಳಿಯ ಒತ್ತಡವೇ ಕಡಿಮೆಯಾಗುವುದರಿಂದ ಪ್ರತಿ ಸಾವಿರ ಮೀಟರಿಗೆ ಒಂದೂವರೆ ಪಿಎಸ್‌ಐಯಷ್ಟು ಮೀಟರಿನಲ್ಲಿ ಏರಿಕೆ ಕಾಣುತ್ತದೆ. ಸುಮಾರು 300 ಮೀಟರ್ ಎತ್ತರದ ಭೂತಾನಿನ ಗಡಿಪಟ್ಟಣ ಫುಂಟ್‌ಶೋಲಿಂಗಿನಿಂದ 2,300 ಮೀಟರಿನ ಆಸುಪಾಸಿನ ಥಿಂಪುವಿಗೆ ಒಂದೇ ದಿನದಲ್ಲಿ ಏರುವಾಗ ಇವೆರಡೂ ಒಟ್ಟಿಗೆ ನಡೆಯುತ್ತವೆ. ಆದ್ದರಿಂದ ಕೆಳಗೆ ಊಹೆಯಿಂದ ಹೆಚ್ಚಿಗೆ ತುಂಬಿಸುವುದೂ ಬೇಡ, ಮೇಲೆ ಹೋದ ಸಂಜೆ ಬಿಸಿ ಟೈರಿನಿಂದ ಗಾಳಿ ಬಿಡುವುದೂ ಬೇಡ. ಥಿಂಪುವಿನ ಮೊದಲ ಬೆಳಿಗ್ಗೆ, ಕಾರು ಕದಲುವ ಮೊದಲು ಅಳೆದು ಕೈಪಿಡಿಯ ಅಂಕಿಗೆ ತನ್ನಿ. ಸ್ಟೆಪ್ನಿಯನ್ನೂ ಸೇರಿಸಿ.

ಗಾಜು, ರಬ್ಬರು, ಡಿಕ್ಕಿ

ಮಳೆಗಾಲವಿಡೀ ಓಡಿದ ವೈಪರ್ ರಬ್ಬರು ಸವೆದಿರುತ್ತದೆ, ಹೊಸದು ಹಾಕಿಸಿ. ತೊಳೆಯುವ ಡಬ್ಬದ ನೀರನ್ನು ಪೂರ್ತಿ ಖಾಲಿ ಮಾಡಿ ಹೆಪ್ಪುಗಟ್ಟದ ವಾಷರ್ ದ್ರವ ತುಂಬಿ, ಕೊಳವೆಯಲ್ಲಿ ಉಳಿದ ನೀರು ಹೋಗಿ ಹೊಸ ದ್ರವ ಚಿಮ್ಮುವವರೆಗೂ ಒತ್ತಿ. ಜಲ್ಲಿ ಸಿಡಿದು ಮುಂದಿನ ಗಾಜಿನಲ್ಲಿ ಸಣ್ಣ ಚಕ್ಕೆ ಎದ್ದಿದ್ದರೆ ಇಲ್ಲೇ ತುಂಬಿಸಿಕೊಳ್ಳಬೇಕು. ಹೊರಗೆ ಹಿಮ, ಒಳಗೆ ಹೀಟರಿನ ಬಿಸಿ ಎಂಬ ಸ್ಥಿತಿಯಲ್ಲಿ ಅದು ಉದ್ದ ಸೀಳಾಗಿ ಬೆಳೆಯುತ್ತದೆ. ಇದೇ ಕಾರಣಕ್ಕೆ ಹೆಪ್ಪುಗಟ್ಟಿದ ಗಾಜಿನ ಮೇಲೆ ಬಿಸಿನೀರು ಸುರಿಯಬಾರದು, ಪ್ಲಾಸ್ಟಿಕ್ ಹೆರೆಯುವ ಪಟ್ಟಿಯಿಂದ ಕೆರೆಯಬೇಕು. ಬಾಗಿಲಿನ ರಬ್ಬರುಗಳನ್ನು ಒರೆಸಿ ಸಿಲಿಕೋನ್ ಗ್ರೀಸ್ ಹಚ್ಚಿದರೆ ಬೆಳಿಗ್ಗೆ ಬಾಗಿಲು ಅಂಟಿಕೊಳ್ಳುವುದಿಲ್ಲ. ಒಳಗಾಜಿನ ಆವಿ ಕಳೆಯಲು ಹೀಟರಿನ ಜೊತೆ ಎಸಿಯನ್ನೂ ಹಾಕಿ, ಹೊರಗಿನ ಗಾಳಿ ಒಳಬರುವ ಕಡೆಗೆ ಇಡಿ. ಎಸಿ ಗಾಳಿಯ ತೇವವನ್ನು ಹಿಂಡುತ್ತದೆ. ಆಂಧ್ರ, ಒಡಿಶಾ, ಉತ್ತರ ಬಂಗಾಳದ ಬಯಲಿನಲ್ಲಿ ಡಿಸೆಂಬರ್, ಜನವರಿ ತಿಂಗಳ ಮುಂಜಾನೆ ದಟ್ಟ ಮಂಜು ಇರುವುದರಿಂದ ಫಾಗ್ ಲೈಟು ಉರಿಯುತ್ತದೆಯೇ ನೋಡಿ.

ಡಿಕ್ಕಿಯಲ್ಲಿ ಸಣ್ಣ ಸನಿಕೆ, ಟಾರ್ಚು, ಕಂಬಳಿಗಳು, ಎಳೆಯುವ ಹಗ್ಗ, ಜಂಪರ್ ಕೇಬಲ್, ಚಕ್ರಕ್ಕೆ ಅಡ್ಡ ಇಡುವ ಮರದ ಎರಡು ತುಂಡು, ಎರಡು ಲೀಟರ್ ಬೆರೆಸಿಟ್ಟ ಕೂಲಂಟ್ ಇರಲಿ. ನಾಲ್ಕಾರು ಖಾಲಿ ಕಾಫಿ ಗೋಣಿಚೀಲಗಳನ್ನೂ ಮಡಿಸಿ ಇಡಿ. ತೋಟದ ಕೆಸರಿನಲ್ಲಿ ಹೂತ ಚಕ್ರದ ಕೆಳಗೆ ಗೋಣಿ ಹಾಸಿ ಎತ್ತುವ ನಮ್ಮ ಉಪಾಯ ಹಿಮದಲ್ಲೂ ಕೆಲಸ ಮಾಡುತ್ತದೆ.

ಡಿಕ್ಕಿಯಿಂದ ತೆಗೆಯಬೇಕಾದ್ದೂ ಒಂದಿದೆ. ತೋಟದ ಜೀಪಿನಲ್ಲಿ, ಸೀಟಿನ ಕೆಳಗೆ, ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಕೋವಿಯ ಕಾರ್ಟ್ರಿಜ್ ಒಂದೆರಡು ಉಳಿದಿರುವುದು ಕೊಡಗಿನಲ್ಲಿ ಅಪರೂಪವಲ್ಲ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಕೋವಿಯ ಲೈಸೆನ್ಸಿನಲ್ಲಿ ಇರುವ ವಿನಾಯಿತಿಗೆ ಗಡಿಯಾಚೆ ಯಾವ ಬೆಲೆಯೂ ಇಲ್ಲ, ಒಂದೇ ಒಂದು ಕಾರ್ಟ್ರಿಜ್ ಕಸ್ಟಮ್ಸಿನವರ ಕೈಗೆ ಸಿಕ್ಕರೂ ಪ್ರಯಾಣ ಅಲ್ಲಿಗೇ ನಿಲ್ಲುತ್ತದೆ. ಸೀಟುಗಳನ್ನು ಎತ್ತಿ, ಮ್ಯಾಟುಗಳನ್ನು ಕೊಡವಿ ನೋಡಿ.

ಕಾಗದಪತ್ರ

ನಿಮ್ಮ ಮೋಟಾರು ವಿಮೆ ಭಾರತದೊಳಗೆ ಮಾತ್ರ ಅನ್ವಯವಾಗುತ್ತದೆ. ಭೂತಾನ್, ನೇಪಾಳಗಳಿಗೆ ಅದನ್ನು ವಿಸ್ತರಿಸುವ ಐಎಂಟಿ 1 ಎಂಬ ಷರತ್ತನ್ನು ಹೆಚ್ಚುವರಿ ಪ್ರೀಮಿಯಂ ಕಟ್ಟಿ ಪಾಲಿಸಿಗೆ ಸೇರಿಸಿಕೊಳ್ಳಲು ಅವಕಾಶವಿದೆ, ವಿಮಾ ಕಚೇರಿಯಲ್ಲಿ ಹೊರಡುವ ಮೊದಲೇ ಲಿಖಿತವಾಗಿ ಪಡೆಯಿರಿ. ಆರ್‌ಸಿ, ಮಾಲಿನ್ಯ ತಪಾಸಣೆ ಪತ್ರ, ಲೈಸೆನ್ಸುಗಳ ಮೂಲಪ್ರತಿ ಜೊತೆಗಿರಲಿ. ಕಾರು ಬೇರೆಯವರ ಹೆಸರಿನಲ್ಲಿದ್ದರೆ ಅವರ ಒಪ್ಪಿಗೆ ಪತ್ರವೂ ಬೇಕು. ಭೂತಾನಿಗೆ ಪಾಸ್‌ಪೋರ್ಟ್ ಇಲ್ಲವೇ ಮತದಾರರ ಗುರುತಿನ ಚೀಟಿ ನಡೆಯುತ್ತದೆ, ಆಧಾರ್ ನಡೆಯುವುದಿಲ್ಲ. ಪಾಸ್‌ಪೋರ್ಟ್ ಇಲ್ಲದ ಮಕ್ಕಳಿಗೆ ಜನನ ಪ್ರಮಾಣಪತ್ರ ಒಯ್ಯಿರಿ. ಭಾರತೀಯರು ತಲಾ ಒಂದು ರಾತ್ರಿಗೆ 1,200 ರೂಪಾಯಿಯಂತೆ ಸುಸ್ಥಿರ ಅಭಿವೃದ್ಧಿ ಶುಲ್ಕ ಕಟ್ಟಬೇಕೆಂಬ ನಿಯಮ 2022ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂತು. ವಾಹನಕ್ಕೆ ಪ್ರತ್ಯೇಕ ಅನುಮತಿ ಫುಂಟ್‌ಶೋಲಿಂಗಿನಲ್ಲಿ ಪಡೆಯಬೇಕು, ಯಾವ ಯಾವ ಊರಿಗೆ ಹೋಗುವಿರೆಂದು ಅರ್ಜಿಯಲ್ಲೇ ತಿಳಿಸಿ. ಅಲ್ಲಿನ ಗಡಿಯಾರ ನಮಗಿಂತ ಅರ್ಧ ಗಂಟೆ ಮುಂದಿದೆ. ಥಿಂಪುವಿನಲ್ಲಿ ವರ್ಷದ ಮೊದಲ ಹಿಮ ಬಿದ್ದ ದಿನ ಸರ್ಕಾರಿ ಕಚೇರಿಗಳಿಗೆ ರಜೆ ಕೊಡುವ ಸಂಪ್ರದಾಯವೂ ಇದೆ, ಆದ್ದರಿಂದ ಕಚೇರಿ ಕೆಲಸಕ್ಕೆ ಒಂದು ದಿನ ಹೆಚ್ಚಿಟ್ಟುಕೊಳ್ಳಿ.

ಅಲ್ಲಿಯ ರಾತ್ರಿಗಳಲ್ಲಿ ಕಾರು ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಎಳೆಯದೆ, ಗೇರಿನಲ್ಲಿಟ್ಟು ಚಕ್ರಕ್ಕೆ ಮರದ ತುಂಡು ಕೊಡಿ. ಆಟೊಮ್ಯಾಟಿಕ್ ಆದರೆ ಪಾರ್ಕಿನಲ್ಲಿಡಿ. ತೇವದ ಬ್ರೇಕು ಹೆಪ್ಪುಗಟ್ಟಿ ಹಿಡಿದುಕೊಳ್ಳುವುದು ಹೀಗೆ ತಪ್ಪುತ್ತದೆ. ವೈಪರ್‌ಗಳನ್ನು ಗಾಜಿನಿಂದ ಎತ್ತಿ ನಿಲ್ಲಿಸಿ. ಹಿಮದಲ್ಲಿ ಸಿಕ್ಕಿಕೊಂಡಾಗ ಬೆಚ್ಚಗಿರಲೆಂದು ಎಂಜಿನ್ ಓಡಿಸುವುದಾದರೆ ಸೈಲೆನ್ಸರಿನ ಬಾಯಿ ಹಿಮದಿಂದ ಮುಚ್ಚಿಲ್ಲವೆಂದು ಇಳಿದು ನೋಡಿಯೇ ಓಡಿಸಿ. ಮುಚ್ಚಿದ್ದರೆ ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಒಳಗೆ ತುಂಬಿ ಜೀವ ತೆಗೆಯುತ್ತದೆ.

ಎಲ್ಲ ಕೆಲಸ ಮುಗಿದ ಮೇಲೆ, ಹೊರಡುವುದಕ್ಕೆ ಒಂದು ವಾರ ಮುಂಚೆ, ಪ್ರಯಾಣಕ್ಕೆ ಹೇರುವಷ್ಟೇ ಸಾಮಾನು ಮತ್ತು ಜನರನ್ನು ಹೇರಿಕೊಂಡು ಮಡಿಕೇರಿಯಿಂದ ಸಂಪಾಜೆಗೆ ಇಳಿದು ಮರಳಿ ಹತ್ತಿ ಬನ್ನಿ. ಇಳಿಯುವಾಗ ಗೇರಿನ ಹಿಡಿತದಲ್ಲೇ ವೇಗವನ್ನು ಕಾಯುತ್ತಾ, ಬ್ರೇಕ್ ಪೆಡಲ್ ಮೆತ್ತಗಾಗುತ್ತದೆಯೇ ಗಮನಿಸಿ. ಹತ್ತುವಾಗ ಟೆಂಪರೇಚರ್ ಮುಳ್ಳನ್ನು ನೋಡುತ್ತಿರಿ. ಮನೆ ಸೇರಿ ಎಂಜಿನ್ ತಣಿದ ಬಳಿಕ ಕೂಲಂಟ್ ಮಟ್ಟವನ್ನು ಮೊದಲಿನ ಗುರುತಿಗೆ ಹೋಲಿಸಿ, ಕಾರಿನ ಕೆಳಗೆ ಒಂದು ಹಳೆಯ ಕಾಗದ ಹಾಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಅದರ ಮೇಲೆ ಹನಿ ಬಿದ್ದಿದ್ದರೆ ಅದು ಎಲ್ಲಿಂದ ಬಂತೆಂದು ಕಂಡುಹಿಡಿದು ಸರಿಪಡಿಸಿಕೊಳ್ಳಲು ಆ ಒಂದು ವಾರ ಸಾಕಾಗುತ್ತದೆ.